ಏಳಳಿವೆ ಸಾಮ್ರಾಜ್ಯದ ಕಾನೂನು: ಸುಳ್ಳು ಹೇಳಿದವ್ರಿಗೆ ಗಂಟಲಲ್ಲಿ ಇಳಿಯದ ನೀರು ಇದ್ರೆ ನ್ಯಾಯ ಹೇಳೋರು ಎಂತಕ್ಕೆ?

ಬೇಣದಮನೆ (ಶಿರಸಿ)

ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೀತಾ ಇದ್ದೇನೆ, ಸಾಮ್ರಾಜ್ಯದ ಹೆಸರು ಏಳಳಿವೆ. ಏಳು ಹೊಳೆ, ಏಳು ಅಳಿವೆ (ಹೊಳೆ ಸಮುದ್ರ ಸೇರೋ ಬಾಯಿ), ಅಳಿವೆಗೊಂದು ಪಟ್ಟಣ, ಮೇಲೆ ಘಟ್ಟದಲ್ಲಿ ಮೆಣಸು ಯಾಲಕ್ಕಿ, ಕೆಳಗೆ ಉಪ್ಪು ಮೀನು. ಎಲ್ಲಿಂದ ಬಂತು ಅಂತ ನಮ್ಮ ಜಿಲ್ಲೆಯವ್ರಿಗೆ ಬಿಡಿಸಿ ಹೇಳೋದು ಬೇಡ, ಕಾಳಿ ಗಂಗಾವಳಿ ಅಘನಾಶಿನಿ ಶರಾವತಿ ನೋಡ್ಕೊಂಡೇ ಬೆಳೆದವ ನಾನು. ರಾಜವಂಶ ಆಯ್ತು, ಯುದ್ಧ ಆಯ್ತು, ನಕ್ಷೆ ಆಯ್ತು. ಕಾನೂನಿನ ಅಧ್ಯಾಯಕ್ಕೆ ಬಂದು ನಾಲ್ಕು ತಿಂಗಳಾಯ್ತು, ಮುಂದೆ ಹೋಗ್ತಾನೇ ಇಲ್ಲ.

ಈಗ ಇರೋದು ಹೀಗೆ. ಪ್ರತಿ ಅಳಿವೆಯ ಬಾಯಲ್ಲಿ ಒಂದು ಕರಿಕಲ್ಲು ನಿಂತಿದೆ, ಮೂರಾಳು ಎತ್ತರ. ಅದರ ಮೇಲಿಂದ ಬುಡದವರೆಗೆ ಕಾನೂನು ಕೆತ್ತಿದ್ದಾರೆ, ಉಬ್ಬರ ಕಟ್ಟಳೆ ಅಂತ ಹೆಸರು. ತುದಿಯಲ್ಲಿ ಸಂತೆ, ತೂಕ, ಸಾಲ. ನಡುವೆ ಜಮೀನು, ಮದುವೆ, ಪಾಲು. ಬುಡದಲ್ಲಿ ಕೊಲೆ, ರಾಜದ್ರೋಹ. ಭರತ, ಅಂದ್ರೆ ಸಮುದ್ರದ ಉಬ್ಬರ, ಏರಿದಾಗ ಕೆಳಗಿನ ಸಾಲು ನೀರೊಳಗೆ ಹೋಗ್ತವೆ, ನೀರೊಳಗೆ ಇರೋದು ಮಲಗಿದ ಕಾನೂನು, ಅದರ ಮೇಲೆ ತೀರ್ಪು ಕೊಡೋ ಹಾಗಿಲ್ಲ. ಅದಕ್ಕೇ ಕಟ್ಟೆ, ಅಂದ್ರೆ ನ್ಯಾಯಸಭೆ, ಸೇರೋದು ಇಳಿತದಲ್ಲಿ, ಒದ್ದೆ ಮರಳಿನ ಮೇಲೆ. ನ್ಯಾಯ ಹೇಳೋರು ಮೂರು ಜನ: ಒಬ್ರು ಘಟ್ಟದವ್ರು, ಒಬ್ರು ಕರಾವಳಿಯವ್ರು, ಮೂರನೆಯವ್ರು ಬೇರೆ ಅಳಿವೆಯಿಂದ ಬಂದವ್ರು, ಅವ್ರಿಗೆ ಆ ಊರಲ್ಲಿ ನೆಂಟರು ಇರಬಾರ್ದು.

ಇನ್ನು ಕೂಡುನೀರು. ಹೊಳೆ ನೀರು ಸಮುದ್ರದ ನೀರು ಸೇರೋ ಗೆರೆಯಲ್ಲಿ ತುಂಬಿದ ಒಂದು ಗಿಂಡಿ ನೀರು, ಅದನ್ನ ಕೈಯಲ್ಲಿ ಹಿಡ್ಕೊಂಡು ಮಾತಾಡಿ ಕುಡೀಬೇಕು. ಸುಳ್ಳು ಹೇಳಿದವನ ಗಂಟಲಲ್ಲಿ ಇಳಿಯೋದಿಲ್ಲ. ಯಾವತ್ತೂ ತಪ್ಪೋದಿಲ್ಲ, ಅದೇ ಈ ಲೋಕದ ಮಾಂತ್ರಿಕ ಶಕ್ತಿ.

ನನ್ನ ದೋಸ್ತ ಓದಿ ಒಂದೇ ಮಾತು ಕೇಳಿದ. ನೀರು ತಪ್ಪೋದೇ ಇಲ್ಲ ಅಂದ್ಮೇಲೆ ಮೂರು ಜನ ಕೂತು ಮಾಡೋದೆಂತ, ಒಂದು ಗಿಂಡಿ ಸಾಕಲ್ಲ ಅಂತ. ಉತ್ತರ ಬರ್ಲಿಲ್ಲ ನಂಗೆ. ನೀರನ್ನ ತೆಗೆದು ಹಾಕ್ಲಾ?

ಅಳ್ವೆಬಾಗಿಲು (ಕಾರವಾರ)

ತೆಗೀಬೇಡ ಮಾರಾಯಾ, ಕಲ್ಲಿನ ಕಲ್ಪನೆ ಭಾರಿ ಚಂದ ಉಂಟು. ಆದ್ರೆ ನೀನು ಘಟ್ಟದ ಮೇಲಿನವ ಅಂತ ಒಂದು ಕಡೆ ಗೊತ್ತಾಗ್ತದೆ. ಮೂರಾಳು ಎತ್ತರದ ಕಲ್ಲು ಮುಳುಗಬೇಕು ಅಂದ್ರೆ ನಮ್ಮ ಕಾರವಾರದ ಭರತ ಸಾಕಾಗೋದಿಲ್ಲ, ಇಲ್ಲಿ ನೀರು ಏರಿ ಇಳಿಯೋದು ಹೆಚ್ಚಂದ್ರೆ ಎರಡು ಮೀಟರ್ ಹತ್ರ. ಗುಜರಾತಿನ ಖಂಭಾತ್ ಕೊಲ್ಲಿ ಕಡೆ 10 ಮೀಟರ್ ಏರ್ತದೆ, ನಿನ್ನ ಏಳಳಿವೆಯ ಸಮುದ್ರ ಅಂಥದ್ದು ಅಂತ ಮೊದಲೇ ಒಂದು ಸಾಲು ಹಾಕಿಬಿಡು.

ಎರಡನೇದು, ಭರತ ದಿನಾ ಒಂದೇ ಟೈಮಿಗೆ ಬರೋದಿಲ್ಲ. ಇವತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಂದ್ರೆ ನಿನ್ನ ಕಟ್ಟೆ ಒಂದು ವಾರ ಬೆಳಿಗ್ಗೆ ಸೇರಿದ್ರೆ ಇನ್ನೊಂದು ವಾರ ನಡುರಾತ್ರಿ ದೀಪ ಹಿಡ್ಕೊಂಡು ಸೇರಬೇಕಾಗ್ತದೆ. ಅಮಾಸೆ ಹುಣ್ಣಿಮೆಗೆ ನೀರು ಜೋರು ಏರ್ತದೆ, ಅಷ್ಟೇ ಜೋರು ಇಳೀತದೆ ಕೂಡ. ಹಾಗಾಗಿ ಬುಡದ ಸಾಲು ಪೂರ್ತಿ ಕಾಣೋದು ಆ ಎರಡು ಹೊತ್ತಲ್ಲಿ ಮಾತ್ರ, ಕೊಲೆಯ ತೀರ್ಪು ತಿಂಗಳಿಗೆ ಎರಡೇ ಸಲ. ಅಷ್ಟಮಿ ಆಸುಪಾಸು ನೀರು ಸತ್ತ ಹಾಗೆ ಇರ್ತದೆ, ಹೆಚ್ಚು ಏರೋದೂ ಇಲ್ಲ ಇಳಿಯೋದೂ ಇಲ್ಲ. ಇದನ್ನೆಲ್ಲ ನೀನು ಕಟ್ಟಬೇಕಾಗಿಲ್ಲ, ಚಂದ್ರ ಕಟ್ಟಿಕೊಟ್ಟಿದ್ದಾನೆ.

ಇನ್ನೊಂದು ಕೇಳ್ತೇನೆ. ಮೀನಿನ ಪಾಲು ಎಲ್ಲಿ? ರಂಪಣಿ (ದಡದಿಂದ ಎಳೆಯೋ ದೊಡ್ಡ ಬಲೆ) ಎಳೆಯೋ ಕಾಲದಲ್ಲಿ ಬಲೆಗೊಂದು ಪಾಲು, ದೋಣಿಗೊಂದು ಪಾಲು, ದಡದಲ್ಲಿ ಹಗ್ಗ ಎಳೆದವ್ರಿಗೆ ಪಾಲು. 1970ರ ದಶಕದಲ್ಲಿ ಟ್ರಾಲರು, ಪರ್ಸೀನು ಬಲೆಯ ಯಂತ್ರದ ದೋಣಿ ಬಂದ್ಮೇಲೆ ರಂಪಣಿ ಮುಗೀತು, ಆದ್ರೆ ಪಾಲಿನ ಲೆಕ್ಕ ನಮ್ಮ ಮನೆ ಹಿರಿಯರ ಬಾಯಲ್ಲಿ ಇನ್ನೂ ಉಂಟು. ಒಂದಕ್ಷರ ಬರೆದದ್ದಲ್ಲ, ಆದ್ರೂ ಯಾರೂ ಮುರೀತಿರ್ಲಿಲ್ಲ. ಮುರಿದವನ ಹಗ್ಗ ನಾಳೆ ಎಳೆಯೋದಕ್ಕೆ ಯಾರು ಬರ್ತಾರೆ ಹೇಳು.

ಶಾಸನದಕಲ್ಲು (ಬನವಾಸಿ)

ಈ ಕೂಡುನೀರಿಗೆ ನಮ್ಮಲ್ಲೇ ಹಳೇ ಬೇರಿದೆ. ಹಳೇ ಧರ್ಮಶಾಸ್ತ್ರದ ಪುಸ್ತಕ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಐದು ದಿವ್ಯ, ಅಂದ್ರೆ ದೇವರ ಮೇಲೆ ಭಾರ ಹಾಕಿ ಮಾಡೋ ಸತ್ಯ ಪರೀಕ್ಷೆ, ಹೇಳ್ತಾರೆ: ತುಲೆ, ಅಗ್ನಿ, ನೀರು, ವಿಷ, ಕೋಶ. ಈ ಕೋಶ ಅಂದ್ರೆ ದೇವರಿಗೆ ಅಭಿಷೇಕ ಮಾಡಿದ ನೀರು ಕುಡಿಸೋದು. 14 ದಿನದೊಳಗೆ ಕುಡಿದವನಿಗೆ ದೊಡ್ಡ ಆಪತ್ತು ಬರದಿದ್ರೆ ಅವನು ಶುದ್ಧ. ಆ ಸ್ಮೃತಿಗೆ ವಿಜ್ಞಾನೇಶ್ವರ ಮಿತಾಕ್ಷರಾ ಅನ್ನೋ ವ್ಯಾಖ್ಯಾನ ಬರೆದದ್ದು ಕಲ್ಯಾಣದಲ್ಲಿ, ಚಾಲುಕ್ಯರ ಆರನೇ ವಿಕ್ರಮಾದಿತ್ಯ ಆಳ್ತಿದ್ದಾಗ, ಅಂದ್ರೆ 1076ರಿಂದ 1126ರ ನಡುವೆ. ಕನ್ನಡ ನೆಲದಲ್ಲಿ ಹುಟ್ಟಿದ ಪುಸ್ತಕ ಬಂಗಾಳ ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಆಸ್ತಿ ಪಾಲಿನ ಕಾನೂನಿಗೆ ತಳಪಾಯ ಆಯ್ತು. ಸಾಮ್ರಾಜ್ಯದ ಕಾನೂನು ಕಟ್ಟೋ ಕನ್ನಡದ ಲೇಖಕ ಇದನ್ನ ಬಿಟ್ಟು ಇನ್ನೆಲ್ಲೋ ಹುಡುಕಬಾರದು ಅಂತ ನನ್ನ ಆಸೆ.

ನೀವು ಗಮನಿಸಬೇಕಾದ್ದು ಎಲ್ಲಿ ಅಂದ್ರೆ, ದಿವ್ಯ ಅಲ್ಲಿ ಮೊದಲನೆಯ ಮೆಟ್ಟಿಲಲ್ಲ. ಪ್ರಮಾಣ ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಬರೆದ ಪತ್ರ, ಅನುಭವಿಸಿಕೊಂಡು ಬಂದದ್ದು, ಕಂಡವರ ಮಾತು. ಈ ಮೂರರಲ್ಲಿ ಒಂದೂ ಇಲ್ಲದಾಗ ಮಾತ್ರ ದಿವ್ಯ. ನೀವು ನೀರನ್ನ ಮೊದಲು ಇಟ್ಟಿದ್ದೀರಿ, ಅದಕ್ಕೇ ಮುಂದೆ ದಾರಿ ಕಾಣ್ತಾ ಇಲ್ಲ. ಕೊನೆಗೆ ಇಟ್ಟು ನೋಡಿ.

ಸುಳ್ಳು ದೂರಿಗೂ ಏನಾದ್ರೂ ಬೇಕು. ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನಿನ ಕಲ್ಲು, 1901ರಲ್ಲಿ ಇರಾನಿನ ಸೂಸಾದಲ್ಲಿ ಸಿಕ್ಕಿ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿರೋದು, ಅದರ 282 ಕಾನೂನಲ್ಲಿ ಎರಡನೆಯದ್ದೇ ಹೊಳೆಯ ಪರೀಕ್ಷೆ. ಮಾಟ ಮಾಡಿದ ಅಂತ ಯಾರಾದ್ರೂ ದೂರಿದ್ರೆ ದೂರಿಸಿಕೊಂಡವ ಹೊಳೆಗೆ ಹಾರಬೇಕು, ಮುಳುಗಿದ್ರೆ ಅವನ ಮನೆ ದೂರಿದವನಿಗೆ. ಬದುಕಿ ಬಂದ್ರೆ ದೂರಿದವನ ತಲೆ ಹೋಗ್ತದೆ, ಅವನ ಮನೆ ಇವನಿಗೆ. ಕ್ರೂರ, ಒಪ್ಪುತ್ತೇನೆ, ಆದ್ರೆ ದೂರು ಕೊಡೋಕೆ ಮುಂಚೆ ಹತ್ತು ಸಲ ಯೋಚಿಸ್ತಾನೆ.

ಬಂದರಿನ ಸಾಮ್ರಾಜ್ಯ ಆದ್ದರಿಂದ ಇದೂ ಇರಲಿ. ಒಡೆದ ಹಡಗಿನ ಸರಕು ಯಾರದ್ದು? ಹಳೇ ಕಾಲದಲ್ಲಿ ದಡಕ್ಕೆ ಬಂದದ್ದೆಲ್ಲ ದಡದ ರಾಜನದ್ದು ಅಂತ ಕಸಿದುಕೊಳ್ತಿದ್ರು. ಕಾಕತೀಯ ಗಣಪತಿದೇವ 1244ರ ಸುಮಾರಿಗೆ ಆಂಧ್ರ ಕರಾವಳಿಯ ಮೋಟುಪಲ್ಲಿ ಬಂದರಿನಲ್ಲಿ ಒಂದು ಅಭಯ ಶಾಸನ ಹಾಕಿಸಿದ, ಗಾಳಿಗೆ ಸಿಕ್ಕಿ ಒಡೆದ ಹಡಗಿನವರಿಂದ ಸುಂಕ ಬಿಟ್ಟು ಬೇರೇನೂ ತಗೊಳ್ಳೋದಿಲ್ಲ ಅಂತ. ಅಭಯ ಅನ್ನೋ ಪದ ನೋಡಿ ಎಷ್ಟು ಚಂದ. ಏಳಳಿವೆಯಲ್ಲೂ ಅಂಥದ್ದೊಂದು ಸಾಲು ಕಲ್ಲಿನ ತುದಿಯಲ್ಲೇ ಇರಲಿ, ಯಾವ ಭರತಕ್ಕೂ ಮುಳುಗದ ಹಾಗೆ.

ಕೋರ್ಟ್‌ಕಟ್ಟೆ (ಶಿರಸಿ)

ತಮಾ, ಮೂವತ್ತು ವರ್ಷ ಆಗ್ತಾ ಬಂತು ನಾನು ಕರಿಕೋಟು ಹಾಕಿ. ನಿನ್ನ ದೋಸ್ತನ ಪ್ರಶ್ನೆಗೆ ಉತ್ತರ ಹೇಳ್ತೆ. ಕೋರ್ಟಿಗೆ ಬರೋ ಜನ ಸುಳ್ಳು ಹೇಳ್ತಾರೆ ಅಂತ ಹೊರಗಿನವ್ರು ತಿಳ್ಕೊಂಡಿದ್ದಾರೆ. ಹೇಳ್ತಾರೆ, ಇಲ್ಲ ಅನ್ನೋದಿಲ್ಲ. ಆದ್ರೆ ಸಿವಿಲ್ ಕೇಸಿನಲ್ಲಿ ನಾನು ಕಂಡದ್ದು, ಎಷ್ಟೋ ಸಲ ಇಬ್ಬರೂ ಸತ್ಯವನ್ನೇ ಹೇಳ್ತಿರ್ತಾರೆ. ಅಣ್ಣ ಹೇಳ್ತ, ಈ ತೋಟ ನಾನು ಬೆಳೆಸಿದ್ದು ಅಂತ. ಸತ್ಯ. ತಮ್ಮ ಹೇಳ್ತ, ಅಪ್ಪ ಸಾಯೋ ಮೊದಲು ಇದು ನಿಂಗೆ ಅಂತ ನನ್ನ ಕೈ ಹಿಡಿದು ಹೇಳಿದ್ರು ಅಂತ. ಅದೂ ಸತ್ಯ. ನಿನ್ನ ಗಿಂಡಿ ಇಬ್ಬರಿಗೂ ಸಲೀಸಾಗಿ ಇಳೀತದೆ. ಆಮೇಲೆ?

ಆಮೇಲೆಯೇ ಕಾನೂನು ಶುರು. ಎರಡು ಸತ್ಯದಲ್ಲಿ ಯಾವುದಕ್ಕೆ ತೂಕ ಹೆಚ್ಚು ಅಂತ ಮೊದಲೇ ಹೇಳಿಟ್ಟದ್ದು ಕಾನೂನು. ಬೇರೆಯವ ಉಳೋದನ್ನ ಕಣ್ಣಾರೆ ನೋಡ್ತಾ ಸುಮ್ಮನಿದ್ದವನ ಹಕ್ಕು 20 ವರ್ಷಕ್ಕೆ ಹೋಗ್ತದೆ ಅಂತ ಯಾಜ್ಞವಲ್ಕ್ಯ ಹೇಳಿದ. ನಮ್ಮ 1963ರ ಲಿಮಿಟೇಶನ್ ಕಾಯ್ದೆ ಖಾಸಗಿ ಜಮೀನಿಗೆ 12 ವರ್ಷ ಅಂತು, ಸರ್ಕಾರದ್ದಾದ್ರೆ 30. ಈ ಅಂಕಿ ಯಾವ ಮಂತ್ರದ ನೀರೂ ಹೇಳೋದಿಲ್ಲ. ಯಾರೋ ಕೂತು, ಉಳುವವನ ಬೆವರು ಹೆಚ್ಚೋ ದೂರದಲ್ಲಿರೋ ಯಜಮಾನನ ಪತ್ರ ಹೆಚ್ಚೋ ಅಂತ ಯೋಚಿಸಿ ಇಟ್ಟ ಅಂಕಿ. ನಿನ್ನ ಸಾಮ್ರಾಜ್ಯದಲ್ಲಿ ಆ ಅಂಕಿ ಎಷ್ಟು? ಯಾರು ಇಟ್ರು? ಅಷ್ಟು ಬರಿ, ಅಧ್ಯಾಯ ತಾನೇ ಓಡ್ತದೆ.

ಬೇಣದಮನೆ (ಶಿರಸಿ)

ವಕೀಲ್ರೆ, ನಿಮ್ಮ ಮಾತು ಓದಿ ನಿನ್ನೆ ರಾತ್ರಿ ನಿದ್ರೆ ಬರ್ಲಿಲ್ಲ. ಯಾಕೆ ಅಂತ ಹೇಳ್ತೇನೆ, ಕಾದಂಬರಿಗೂ ಇದಕ್ಕೂ ಸಂಬಂಧ ಇದೆ ಅಂತ ನಂಗೂ ಈಗಲೇ ಹೊಳೆದದ್ದು.

ನಮ್ಮ ಅಜ್ಜ ಸಾಗುವಳಿ ಮಾಡಿದ ಜಾಗದಲ್ಲಿ ಒಂದಿಷ್ಟು ಅರಣ್ಯದ ಸರ್ವೆ ನಂಬರಿನಲ್ಲಿದೆ, ನಮ್ಮ ಕಡೆ ಇದು ಎಷ್ಟು ಮನೆಯ ಕಥೆ ಅಂತ ನಿಮಗೆಲ್ಲ ಗೊತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಅಜ್ಜ ಅರ್ಜಿ ಹಾಕಿದ್ರು. ನಾವು ಬುಡಕಟ್ಟಿನವರಲ್ಲ, ಹಾಗಾಗಿ 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದ್ರೆ 75 ವರ್ಷ ಅಲ್ಲಿದ್ದೆವು ಅಂತ ತೋರಿಸಬೇಕು. ಅಜ್ಜ ಅಟ್ಟದಿಂದ ತಗಡಿನ ಟ್ರಂಕ್ ಇಳಿಸಿದ್ರು. ನಾನಾಗ ಹೈಸ್ಕೂಲು, ಪಕ್ಕದಲ್ಲೇ ಕೂತಿದ್ದೆ. ಮುಚ್ಚಳ ತೆಗೆದ್ರೆ ಮೇಲೆ ಒಂದು ಪಂಚೆ, ಅದರ ಕೆಳಗೆ ಕಾಗದ ಇರಬೇಕಾದ ಕಡೆ ಮಣ್ಣು. ಒರಲೆ ಹಿಡಿದಿತ್ತು. ಅಜ್ಜ ಬೆರಳಲ್ಲಿ ಆ ಮಣ್ಣನ್ನ ಮೆಲ್ಲಗೆ ಕೆದಕಿದ್ರು, ಒಂದು ರಶೀದಿಯ ಮೂಲೆ ಸಿಕ್ತು, ಅದರಲ್ಲಿ ಅರ್ಧ ಸೀಲು ಮಾತ್ರ ಇತ್ತು.

ಕಚೇರಿಯಲ್ಲಿ ಕೇಳಿದ್ದು ಒಂದೇ, ಕಾಗದ ಎಲ್ಲಿ. ಊರಿನ ಹಿರಿಯರ ಹೇಳಿಕೆಯೂ ಸಾಕ್ಷಿ, ಹಳೇ ಬಾವಿ, ಸಮಾಧಿ, ದೇವರ ಜಾಗವೂ ಸಾಕ್ಷಿ ಅಂತ ನಿಯಮದಲ್ಲೇ ಇದೆ, ಅದು ನಂಗೆ ದೊಡ್ಡವನಾದ್ಮೇಲೆ ಓದಿ ಗೊತ್ತಾಯ್ತು. ಅವತ್ತು ಅಲ್ಲಿದ್ದವ್ರು ಯಾರೂ ಹೇಳ್ಲಿಲ್ಲ. ನಮ್ಮಲ್ಲಿ ಚಿರೆಕಲ್ಲಿನ ಬಾವಿ ಇದೆ, ಅದರ ಬಾಯಿಕಟ್ಟೆ ಮೇಲೆ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರು ನನ್ನ ಹೆಬ್ಬೆರಳು ಪೂರ್ತಿ ಮುಳುಗೋವಷ್ಟು ಆಳ. ಎಷ್ಟು ವರ್ಷ ನೀರು ಸೇದಿದ್ರೆ ಅಷ್ಟು ಸವೀತದೆ ಹೇಳಿ. ಅದನ್ನ ನೋಡೋಕೆ ಒಬ್ರೂ ಬರ್ಲಿಲ್ಲ. ಅಜ್ಜ ಸುಳ್ಳು ಹೇಳಿರ್ಲಿಲ್ಲ, ದಾಖಲೆಯಲ್ಲಿ ಅರಣ್ಯ ಅಂತ ಇದೆ ಅಂದ ಗುಮಾಸ್ತರೂ ಸುಳ್ಳು ಹೇಳಿರ್ಲಿಲ್ಲ. ಅರ್ಜಿ ವಾಪಸ್ ಬಂತು. ಅಜ್ಜ ಈಗಿಲ್ಲ.

ಸುಳ್ಳು ಹೇಳಿದವ್ರಿಗೆ ಇಳಿಯದ ನೀರನ್ನ ನಾನು ಯಾಕೆ ಕಲ್ಪಿಸ್ಕೊಂಡೆ ಅಂತ ಈಗ ಗೊತ್ತಾಗ್ತಾ ಇದೆ. ಅಜ್ಜನ ಕೈಗೆ ಆ ಗಿಂಡಿ ಕೊಡಬೇಕು ಅಂತ ಇತ್ತು ಅನ್ಸ್ತದೆ. ಕೊಟ್ಟಿದ್ರೂ ಉಪಯೋಗ ಆಗ್ತಿರ್ಲಿಲ್ಲ ಅಲ್ವಾ.

ಗಜನಿಗದ್ದೆ (ಕುಮಟಾ)

ತಮ್ಮಾ, ಓದಿ ಹೊಟ್ಟೆಯೊಳಗೆ ಹಿಂಡಿದ ಹಾಗಾಯ್ತು. ಬಾವಿಯ ಆ ಗೀರನ್ನ ಕಥೆಯಲ್ಲಿ ಬಿಡಬೇಡ.

ನಾನು ಶಾಲೆಯಲ್ಲಿ ಕಲಿಸೋಳು, ಕೂಡುನೀರಿನ ಬಗ್ಗೆ ನಂದೊಂದು ಹೆದರಿಕೆ ಇದೆ. ಹಿಂದೆ ನಾನಿದ್ದ ಶಾಲೆಯಲ್ಲಿ ಐದನೇ ಕ್ಲಾಸಿನ ಒಂದು ಹುಡುಗನ ಕಂಪಾಸ್ ಪೆಟ್ಟಿಗೆ ಕಾಣೆಯಾಯ್ತು. ಪಕ್ಕದಲ್ಲಿ ಕೂರ್ತಿದ್ದ ಹುಡುಗಿಯನ್ನ ಎಲ್ಲರೆದುರು ನಿಲ್ಲಿಸಿ ಕೇಳಿದ್ರು, ಕೇಳಿದವ್ರಲ್ಲಿ ನಾನೂ ಒಬ್ಳು. ಅದಕ್ಕೆ ಮಾತು ಹೊರಡ್ಲಿಲ್ಲ. ಹೆದರಿ ಬೆವತಿತ್ತು, ನೀರು ಕುಡಿ ಅಂತ ಲೋಟ ಕೊಟ್ರೆ ಗುಟುಕು ಇಳೀದೆ ಕೆಮ್ಮಿ ಹೊರಗೆ ಬಂತು. ತಪ್ಪು ಮಾಡಿದ್ದಕ್ಕೇ ಹೀಗೆ ಅಂತ ಎಲ್ರೂ ಅಂದ್ರು. ಮಾರನೇ ದಿನ ಪೆಟ್ಟಿಗೆ ನಮ್ಮ ಸ್ಟಾಫ್ ರೂಮಿನ ಕಪಾಟಿನಲ್ಲಿ ಸಿಕ್ತು, ಯಾರೋ ಎತ್ತಿಟ್ಟು ಮರೆತಿದ್ರು. ಆ ಮಗು ವಾರ ಶಾಲೆಗೆ ಬರ್ಲಿಲ್ಲ. ಆ ಲೋಟ ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ನೀರು ತಪ್ಪೋದಿಲ್ಲ ಅಂತ ನೀನು ಹೇಳ್ತೀಯ, ಗಂಟಲು ತಪ್ಪೋದಿಲ್ವಾ? ಮೊದಲ ಸಲ ಮೂರು ಜನ ದೊಡ್ಡವರ ಎದುರು ನಿಂತ ಹೆಂಗಸು, ಉಬ್ಬಸ ಇರೋ ಮುದುಕ, ಇವ್ರಿಗೆಲ್ಲ ಏನು? ಗಿಂಡಿ ಕೊಡೋದಕ್ಕೆ ಮುಂಚೆ ಅವ್ರ ಜೊತೆ ನಿಲ್ಲೋಕೆ ಒಬ್ಬರು ಬೇಕು. ನಮ್ಮ ಕಡೆ ಹಾಲಕ್ಕಿ ಒಕ್ಕಲಿಗರ ಕೊಪ್ಪದಲ್ಲಿ, ಅಂದ್ರೆ ಅವ್ರ ಕೇರಿಯಲ್ಲಿ, ಗೌಡ ಇರ್ತಾನೆ, ಸಲಹೆಗೆ ಬುದ್ಧಿವಂತ, ಸುದ್ದಿ ಮುಟ್ಟಿಸೋಕೆ ಕೋಲಕಾರ. ಬುದ್ಧಿವಂತ ಅನ್ನೋದು ಒಂದು ಹುದ್ದೆಯ ಹೆಸರು ಅನ್ನೋದೇ ನಂಗೆ ಬಹಳ ಇಷ್ಟ. ನಿನ್ನ ಕಟ್ಟೆಯಲ್ಲಿ ತೀರ್ಪು ಕೊಡೋರು ಮೂರು ಜನ ಇದ್ದಾರೆ, ಪಕ್ಕದಲ್ಲಿ ನಿಲ್ಲೋರು ಒಬ್ರೂ ಇಲ್ಲ.

ಶಿಕ್ಷೆ ಬಗ್ಗೆಯೂ ಒಂದು ಮಾತು. ಎಲ್ಲ ಫ್ಯಾಂಟಸಿಯಲ್ಲೂ ಕೈ ಕಡಿಯೋದು, ಗಡಿಪಾರು, ಗಲ್ಲು. ನಮ್ಮ ಅಘನಾಶಿನಿ ದಂಡೆಯ ಗಜನಿ ಗದ್ದೆಯಲ್ಲಿ (ಉಪ್ಪುನೀರಿನ ಪಕ್ಕದ ತಗ್ಗು ಗದ್ದೆ) ಒಬ್ಬನ ಕಡೆ ಒಡ್ಡು ಒಡೆದ್ರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ತದೆ. ಕಗ್ಗ ಭತ್ತ ಉಪ್ಪು ತಡೀತದೆ ಅಂದ್ರೂ ಎಲ್ಲದಕ್ಕೂ ಒಂದು ಮಿತಿ. ಅಂಥ ಕಡೆ ತಪ್ಪು ಮಾಡಿದವನ ಕೈ ಕಡಿದ್ರೆ ಒಡ್ಡು ಕಟ್ಟೋರು ಯಾರು? ಅವನಿಂದಲೇ ಕಟ್ಟಿಸಬೇಕು. ಒಡ್ಡಿನ ಶಿಕ್ಷೆ ಅಂತ ಒಂದು ಇಡು.

ಚಂಡೆಮದ್ದಳೆ (ಹೊನ್ನಾವರ)

ನಾನು ಸಣ್ಣವನಿದ್ದಾಗಿಂದ ತಾಳಮದ್ದಳೆ, ಅಂದ್ರೆ ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ, ಕೇಳಿದವ. ರಾತ್ರಿಯೆಲ್ಲ ಕೂತು ವಾಲಿ ಮತ್ತು ರಾಮನ ವಾದ ಕೇಳಿದ್ರೆ ಕೋರ್ಟು ಅಂದ್ರೆ ಎಂತ ಅಂತ ಗೊತ್ತಾಗ್ತದೆ. ಬಾಣ ನಾಟಿ ಬಿದ್ದವ ಕೇಳ್ತಾನೆ, ನಿಂಗೂ ನಂಗೂ ಹಗೆ ಇರ್ಲಿಲ್ಲ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ಇಬ್ರೂ ಸುಳ್ಳು ಹೇಳೋದಿಲ್ಲ. ಒಳ್ಳೆ ಅರ್ಥಧಾರಿ (ಪಾತ್ರದ ಮಾತಾಡೋವ) ವಾಲಿ ಆದ ದಿನ ಸಭೆ ವಾಲಿಯ ಕಡೆ, ಒಳ್ಳೆ ರಾಮ ಸಿಕ್ಕಿದ ದಿನ ರಾಮನ ಕಡೆ. ವಕೀಲ್ರು ಹೇಳಿದ್ದು ಇದನ್ನೇ. ನಿಮ್ಮ ಕಟ್ಟೆಯಲ್ಲಿ ಎರಡೂ ಕಡೆಯವ್ರಿಗೆ ಮನಸ್ಸು ಬಿಚ್ಚಿ ಮಾತಾಡೋ ಹೊತ್ತು ಕೊಡಿ, ತೀರ್ಪಿಗಿಂತ ಅದೇ ಓದಿಸಿಕೊಳ್ತದೆ.

ಮುಳುಗಿದ ಸಾಲುಗಳ ಬಗ್ಗೆ ಒಂದು ಸಲಹೆ. ಐಸ್‌ಲ್ಯಾಂಡಿನಲ್ಲಿ 930ರಲ್ಲಿ ಆಲ್ಥಿಂಗ್ ಅಂತ ಸಭೆ ಶುರುವಾಯ್ತು, ಆಗ ಅಲ್ಲಿ ಕಾನೂನು ಬರಹದಲ್ಲಿ ಇರ್ಲಿಲ್ಲ. ಕಾನೂನು ಹೇಳೋದಕ್ಕೇ ಒಬ್ಬ ಇದ್ದ, ವರ್ಷಕ್ಕೆ ಮೂರರಲ್ಲಿ ಒಂದು ಭಾಗ ಬಾಯಿಪಾಠ ಹೇಳಿ ಮೂರು ವರ್ಷಕ್ಕೆ ಪೂರ್ತಿ ಮುಗಿಸ್ತಿದ್ದ. ನಮ್ಮ ಭಾಗವತರ ಹಾಗೆ. ಕಲ್ಲಿನ ಬುಡದ ಅಕ್ಷರ ಉಪ್ಪುನೀರಿಗೆ ಸವೆದು ಹೋಗೋದು ಖಂಡಿತ, ಆಗ ಅಲ್ಲಿ ಏನು ಬರೆದಿತ್ತು ಅಂತ ನೆನಪಿಟ್ಕೊಂಡವ್ರು ಯಾರು? ಕೊಲೆಯ ಕಾನೂನು ಒಬ್ಬ ಮುದುಕಿಯ ನೆನಪಿನಲ್ಲಿ ಮಾತ್ರ ಉಳಿದಿದೆ ಅಂದ್ರೆ ಸಾಮ್ರಾಜ್ಯ ಅವಳನ್ನ ಹೇಗೆ ಕಾಪಾಡ್ತದೆ, ಯಾರು ಅವಳ ಬಾಯಿ ಕಟ್ಟೋಕೆ ನೋಡ್ತಾರೆ. ಅದೇ ಒಂದು ಕಾದಂಬರಿ.

ಶಾಸನದಕಲ್ಲು (ಬನವಾಸಿ)

ಸವೆಯೋ ಅಕ್ಷರ ಅಂದಾಗ ನೆನಪಾಯ್ತು. ನಮ್ಮ ದಾನ ಶಾಸನಗಳ ಮೇಲೆ ಸೂರ್ಯ ಚಂದ್ರ ಕೆತ್ತಿರ್ತಾರೆ, ಅವು ಇರೋವರೆಗೆ ಈ ಮಾತು ಇರಲಿ ಅಂತ. ಕೊನೆಗೆ ಶಾಪ: ಇದನ್ನ ಅಳಿದವ ಗಂಗೆಯ ತಡಿಯಲ್ಲಿ ಕವಿಲೆ (ಕಂದು ಹಸು) ಕೊಂದ ಪಾಪಕ್ಕೆ ಹೋಗ್ತಾನೆ. ಪೊಲೀಸಿಲ್ಲದ ಕಡೆ ಕಾನೂನಿಗೆ ಕಾವಲು ಈ ಶಾಪವೇ. ಏಳಳಿವೆಯ ಕಲ್ಲಿಗೂ ಒಂದು ಶಾಪದ ಸಾಲು ಬರೀರಿ, ಅಲ್ಲಿಯ ಜನ ಯಾವುದಕ್ಕೆ ಅತಿ ಹೆಚ್ಚು ಹೆದರ್ತಾರೆ ಅಂತ ಅದೊಂದೇ ಸಾಲಲ್ಲಿ ಗೊತ್ತಾಗ್ತದೆ.

ಸಾಲದ ವಿಷಯಕ್ಕೆ: ತಮಿಳು ಕರಾವಳಿಯಲ್ಲಿ ಸಾಲ ಕೊಟ್ಟವ ಸಾಲಗಾರನ ಸುತ್ತ ನೆಲದ ಮೇಲೆ ಒಂದು ಗೆರೆ ಎಳೆದ್ರೆ ತೀರಿಸೋವರೆಗೆ ಅವನು ದಾಟೋ ಹಾಗಿಲ್ಲ ಅಂತ ಮಾರ್ಕೊ ಪೋಲೊ ಬರೆದಿದ್ದಾನೆ, ರಾಜನೇ ಹಾಗೆ ನಿಂತದ್ದನ್ನ ಕಂಡೆ ಅಂತಲೂ. ಮರಳಿನ ಮೇಲೆ ಸೇರೋ ಕಟ್ಟೆಗೆ ಇದು ಹೇಳಿ ಮಾಡಿಸಿದ ಹಾಗಿದೆ.

ಬೇಣದಮನೆ (ಶಿರಸಿ)

ಎಲ್ರಿಗೂ ದೊಡ್ಡ ನಮಸ್ಕಾರ. ಹತ್ತು ದಿನ ಕೂತು ಅಧ್ಯಾಯ ಪೂರ್ತಿ ತಿರುಗಿ ಬರೆದೆ. ನೀರು ಉಳೀತು, ಆದ್ರೆ ಕೊನೆಗೆ ಹೋಯ್ತು. ಅದಕ್ಕೆ ಮುಂಚೆ ಬರೆದದ್ದು, ಬಾಳಿದ್ದು, ಕಂಡವರು, ಈ ಮೂರನ್ನ ಕೇಳಲೇಬೇಕು. ಗಿಂಡಿ ಹಿಡಿಯೋರ ಪಕ್ಕ ಒಬ್ರು ನಿಲ್ತಾರೆ, ಅವ್ರಿಗೆ ಹೆಗಲಿನವ್ರು ಅಂತ ಹೆಸರಿಟ್ಟೆ. ಒಡ್ಡಿನ ಶಿಕ್ಷೆಯೂ ಬಂತು ಅಕ್ಕಾ. ಜಮೀನಿನ ಅಂಕಿಯನ್ನ ವರ್ಷದಲ್ಲಿ ಇಡ್ಲಿಲ್ಲ ವಕೀಲ್ರೆ, ನೆಟ್ಟವನ ಮೊಮ್ಮಗು ಆ ಮರದ ಹಣ್ಣು ತಿಂದ್ರೆ ಮರದ ಕೆಳಗಿನ ನೆಲ ಅವ್ರದ್ದು ಅಂತ ಇಟ್ಟೆ. ಒಂದು ತುಂಡು ಹಾಕ್ತೇನೆ:

'ಮುದುಕಿ ಕುಡಿದಳು, ಇಳಿಯಿತು. ಕೋಠಿಯ ಯಜಮಾನನೂ ಕುಡಿದ, ಇಳಿಯಿತು. ಮರಳಿನ ಮೇಲೆ ಯಾರೂ ಉಸಿರೆತ್ತಲಿಲ್ಲ. ಘಟ್ಟದ ಕಡೆಯ ನ್ಯಾಯಗಾರ್ತಿ ಎದ್ದು ಸೆರಗು ಬಿಗಿದಳು. ನಿನ್ನ ಬಾವಿ ಎಷ್ಟು ದೂರ, ಎಂದು ಕೇಳಿದಳು. ಒಂದು ಹರಿದಾರಿ, ಎಂದಳು ಮುದುಕಿ. ಮೂವರೂ ಒದ್ದೆ ಕಾಲಲ್ಲೇ ಹೊರಟರು. ಬಾವಿಕಟ್ಟೆಯ ಗೀರಿನೊಳಗೆ ನ್ಯಾಯಗಾರ್ತಿ ಬೆರಳಿಟ್ಟಳು, ಎರಡನೆಯ ಗಿಣ್ಣಿನವರೆಗೆ ಹೋಯಿತು. ಸಾಕ್ಷಿಯ ಹೆಸರು ಏನೆಂದು ಬರೆಯಲಿ, ಎಂದು ಒಕ್ಕಣೆಗಾರ ಕೇಳಿದ. ಬಾವಿ ಎಂದು ಬರೆ, ಎಂದಳು.'

ಅಳ್ವೆಬಾಗಿಲು (ಕಾರವಾರ)

ಚಂದ ಬಂದದೆ ಮಾರಾಯಾ, ಎರಡು ಸಲ ಓದಿದೆ, ಎರಡನೇ ಸಲ ಮನೆಯವ್ರಿಗೆ ಜೋರಾಗಿ ಓದಿ ಹೇಳಿದೆ. ಒಂದೇ ತೊಂದರೆ. ಒಂದು ಹರಿದಾರಿ ನಡೆದು, ಬಾವಿ ನೋಡಿ, ತಿರುಗಿ ಬರೋದ್ರೊಳಗೆ ಭರತ ಬಂದು ಜಮೀನಿನ ಸಾಲು ಮುಳುಗಿರ್ತದೆ, ತೀರ್ಪು ಕೊಡೋ ಹಾಗಿಲ್ಲ. ಆ ದಿನ ಅಷ್ಟಮಿ ಅಂತ ಮಾಡು. ಅವತ್ತು ನೀರು ನಡುವಿನ ಸಾಲಿನವರೆಗೆ ಏರೋದೇ ಇಲ್ಲ, ದಿನವಿಡೀ ಒಣಗಿಯೇ ಇರ್ತದೆ. ಜಮೀನಿನ ನ್ಯಾಯ ಎಲ್ಲ ಅಷ್ಟಮಿಗೇ ಇಟ್ರೆ ಕಟ್ಟೆಯವ್ರು ಗದ್ದೆವರೆಗೂ ಹೋಗಿ ನೋಡಿ ಬರಬಹುದು.

ಬೇಣದಮನೆ (ಶಿರಸಿ)

ಅಷ್ಟಮಿಗೆ ಇಟ್ಟೆ. ಗದ್ದೆಗೆ ಹೋಗಿ ನೋಡದೆ ಕೊಟ್ಟ ಜಮೀನಿನ ತೀರ್ಪು ಮಾರನೇ ಭರತಕ್ಕೆ ಅಳಿಸಿಹೋಗ್ತದೆ ಅಂತ ಕಲ್ಲಿನ ನಡುವೆ ಒಂದು ಸಾಲನ್ನೂ ಸೇರಿಸಿದ್ದೇನೆ.